ಊಟಕ್ಕೆ ಕೂತಾಗ ದವಡೆಯಡಿ ಊದಿಕೊಳ್ಳುತ್ತದೆಯೇ? ಜೊಲ್ಲುರಸ ಗ್ರಂಥಿಯ ಕಲ್ಲು: ಸುಳ್ಳು ಯಾವುದು, ನಿಜ ಯಾವುದು

ಕಲ್ಲು ಎಂದ ಕೂಡಲೇ ನಮಗೆ ನೆನಪಾಗುವುದು ಕಿಡ್ನಿ ಕಲ್ಲು, ಹೆಚ್ಚೆಂದರೆ ಪಿತ್ತಕೋಶದ ಕಲ್ಲು. ಬಾಯಿಯೊಳಗೆ, ನಾಲಿಗೆಯ ಅಡಿಯಲ್ಲೂ ಕಲ್ಲು ಬೆಳೆಯುತ್ತದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಹಾಗಾಗಿ ಇಂಥ ಕಲ್ಲು ಆದವರು ಸುತ್ತಿ ಬಳಸಿ ಹೋಗುವುದೇ ಹೆಚ್ಚು. ಮೊದಲು ಹಲ್ಲುನೋವು ಎಂದುಕೊಳ್ಳುತ್ತಾರೆ. ಆಮೇಲೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತರುತ್ತಾರೆ. ಊತ ಇಳಿಯುತ್ತದೆ, ಮತ್ತೆ ಬರುತ್ತದೆ. ಯಾರೋ ಬಾಳೆದಿಂಡಿನ ರಸ ಕುಡಿಯಿರಿ ಎನ್ನುತ್ತಾರೆ, ಇನ್ಯಾರೋ ಲಿಂಬೆಹಣ್ಣು ಚೀಪಿದರೆ ಕಲ್ಲು ಕರಗುತ್ತದೆ ಎಂಬ ಸಂದೇಶ ಕಳಿಸುತ್ತಾರೆ.

ಈ ಕಾಯಿಲೆಯನ್ನು ಗುರುತಿಸುವುದು ಕಷ್ಟವೇನಲ್ಲ. ಊಟಕ್ಕೆ ಕೂತಾಗ ಊದುವುದು, ಊಟ ಮುಗಿದ ಮೇಲೆ ನಿಧಾನವಾಗಿ ಇಳಿಯುವುದು: ಈ ಒಂದು ಲಕ್ಷಣ ಅರ್ಧ ರೋಗವನ್ನು ಹೇಳಿಬಿಡುತ್ತದೆ. ಉಳಿದದ್ದನ್ನು ವೈದ್ಯರ ಬೆರಳು ಮತ್ತು ಒಂದು ಸ್ಕ್ಯಾನ್ ಹೇಳುತ್ತವೆ. ಆದರೆ ಸುಳ್ಯ, ಪುತ್ತೂರು, ಕಡಬದಂಥ ಎಲೆ ಅಡಿಕೆ ಜಗಿಯುವ ಊರುಗಳಲ್ಲಿ ಇನ್ನೊಂದು ಅಪಾಯವೂ ಇದೆ. ದವಡೆಯಡಿಯ ಎಲ್ಲ ಗಂಟನ್ನೂ ಕಲ್ಲು ಎಂದುಕೊಂಡು ಸುಮ್ಮನಿದ್ದರೆ ಬೇರೇನೋ ತಪ್ಪಿಹೋಗಬಹುದು. ಎರಡನ್ನೂ ನಾವು ಈ ಬರಹದಲ್ಲಿ ಬಿಡಿಸಿ ಹೇಳುತ್ತೇವೆ.

ಜೊಲ್ಲು ಎಲ್ಲಿಂದ ಬರುತ್ತದೆ?

ಮಾವಿನ ಮಿಡಿ ಉಪ್ಪಿನಕಾಯಿಯನ್ನು ನೆನೆದರೇ ಬಾಯಲ್ಲಿ ನೀರೂರುತ್ತದೆ. ಆ ನೀರೇ ಜೊಲ್ಲುರಸ ಅಥವಾ ಲಾಲಾರಸ. ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಇದು ಹುಟ್ಟುತ್ತದೆ. ಅನ್ನ ನುಂಗಲು, ಹಲ್ಲು ಹುಳುಕಾಗದಂತೆ ಕಾಯಲು, ಬಾಯಿಯ ಸೋಂಕು ತಡೆಯಲು, ಮಾತಾಡಲು ಕೂಡ ಇದು ಬೇಕು.

ಇದನ್ನು ತಯಾರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ, ಕೆನ್ನೆಯ ಹಿಂಭಾಗದಲ್ಲಿ ಇರುವುದು ಪೆರೋಟಿಡ್ ಗ್ರಂಥಿ. ಕೆಳದವಡೆಯ ಎಲುಬಿನ ಒಳಬದಿಗೆ, ಕೆಳಗೆ ಇರುವುದು ದವಡೆಯಡಿಯ ಗ್ರಂಥಿ. ನಾಲಿಗೆಯ ಕೆಳಗೆ, ಬಾಯಿಯ ತಳದಲ್ಲೇ ಇರುವುದು ನಾಲಿಗೆಯಡಿಯ ಗ್ರಂಥಿ. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳಲ್ಲಿ ನೂರಾರು ಪುಟ್ಟ ಗ್ರಂಥಿಗಳಿವೆ. ನಾವು ಏನೂ ತಿನ್ನದೆ ಸುಮ್ಮನೆ ಇರುವಾಗ ಬರುವ ಜೊಲ್ಲಿನಲ್ಲಿ ಹೆಚ್ಚಿನ ಪಾಲು ದವಡೆಯಡಿಯ ಗ್ರಂಥಿಯದ್ದು. ಊಟ ಮಾಡುವಾಗ ಪೆರೋಟಿಡ್ ಗ್ರಂಥಿಯ ಪಾಲು ಏರುತ್ತದೆ.

ಗ್ರಂಥಿಯಿಂದ ಬಾಯಿಗೆ ರಸ ಬರುವುದು ಸಣ್ಣ ನಾಳದ ಮೂಲಕ. ದವಡೆಯಡಿಯ ಗ್ರಂಥಿಯ ನಾಳಕ್ಕೆ ವಾರ್ಟನ್ ನಾಳ ಎಂದು ಹೆಸರು. 1656ರಲ್ಲಿ ಗ್ರಂಥಿಗಳ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಅವರ ಹೆಸರಿದು. ಪೆರೋಟಿಡ್ ಗ್ರಂಥಿಯ ನಾಳವನ್ನು 1660ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ಆಮ್‌ಸ್ಟರ್‌ಡಾಮಿನಲ್ಲಿ ಕುರಿಯ ತಲೆಯನ್ನು ಕೊಯ್ದು ನೋಡುವಾಗ ಕಂಡುಹಿಡಿದರು. ಅದಕ್ಕೆ ಅವರದೇ ಹೆಸರು ಉಳಿದಿದೆ.

ಈ ನಾಳಗಳ ಬಾಯಿಯನ್ನು ನೀವೇ ನೋಡಬಹುದು. ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಮೇಲಕ್ಕೆ ಎತ್ತಿ. ನಾಲಿಗೆಯನ್ನು ತಳಕ್ಕೆ ಕಟ್ಟಿದ ಹಾಗಿರುವ ಪೊರೆಯ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು ಪುಟ್ಟ ಗುಬುಟು ಕಾಣುತ್ತದೆ. ಅವೇ ವಾರ್ಟನ್ ನಾಳದ ಬಾಯಿಗಳು. ಹುಳಿ ಏನಾದರೂ ನೆನೆಸಿಕೊಂಡರೆ ಅಲ್ಲಿಂದ ನೀರು ಜಿನುಗುವುದೂ ಕಾಣಬಹುದು.

ಕಲ್ಲು ಹೇಗೆ ಹುಟ್ಟುತ್ತದೆ?

ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸುವುದು ಸುಲಭ. ಪೈಪಿನಲ್ಲಿ ನೀರು ರಭಸವಾಗಿ ಹರಿಯುತ್ತಿದ್ದರೆ ಸ್ಪ್ರಿಂಕ್ಲರ್ ಜೆಟ್ ಕಟ್ಟಿಕೊಳ್ಳುವುದು ಕಡಿಮೆ. ನೀರು ನಿಂತರೆ, ನಿಧಾನವಾದರೆ ಕಸ ತಳ ಹಿಡಿಯುತ್ತದೆ. ಆ ಕಸದ ಸುತ್ತ ಇನ್ನಷ್ಟು ಕೂರುತ್ತದೆ. ಕೊನೆಗೆ ಜೆಟ್ ಬಂದ್.

ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿದ ರೂಪದಲ್ಲಿ ಇರುತ್ತವೆ. ಹಲ್ಲಿನ ಮೇಲ್ಪದರ ಗಟ್ಟಿಯಾಗಿ ಉಳಿಯಲು ಅವು ಬೇಕೇ ಬೇಕು. ಜೊಲ್ಲು ಗಟ್ಟಿಯಾಗಿ, ಹರಿವು ನಿಧಾನವಾದರೆ ನಾಳದೊಳಗಿನ ಲೋಳೆ, ಸತ್ತ ಜೀವಕೋಶ, ಬ್ಯಾಕ್ಟೀರಿಯಾಗಳ ಸುತ್ತ ಈ ಲವಣಗಳು ಪದರ ಪದರವಾಗಿ ಕೂರುತ್ತವೆ. ಹೀಗೆ ಕಲ್ಲು ಬೆಳೆಯುತ್ತದೆ. ಬೆಳವಣಿಗೆ ಬಹಳ ನಿಧಾನ, ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಎಂಬ ಅಂದಾಜಿದೆ. ಹೆಚ್ಚಿನ ಕಲ್ಲುಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕವು. ಒಂದೂವರೆ ಸೆಂಟಿಮೀಟರ್ ದಾಟಿದರೆ ವೈದ್ಯರು ಅದನ್ನು ದೈತ್ಯ ಕಲ್ಲು ಎನ್ನುತ್ತಾರೆ.

ಇದೇ ಕೆಲಸ ನಿಮ್ಮ ಹಲ್ಲಿನ ಮೇಲೂ ನಡೆಯುತ್ತಿದೆ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿ. ಹಲ್ಲು ಕ್ಲೀನ್ ಮಾಡಿಸದೆ ತುಂಬಾ ದಿನವಾಗಿದ್ದರೆ ಅಲ್ಲಿ ಒರಟಾದ ಗಾರೆ ಸಿಗುತ್ತದೆ. ವಾರ್ಟನ್ ನಾಳದ ಬಾಯಿ ಅದರ ಎದುರಿಗೇ ಇದೆ. ಅಲ್ಲಿಂದ ಬರುವ ಜೊಲ್ಲಿನ ಲವಣವೇ ಹಲ್ಲಿನ ಮೇಲೆ ಗಾರೆಯಾಗಿ ಕೂರುತ್ತದೆ. ಮೇಲಿನ ದವಡೆಹಲ್ಲುಗಳ ಹೊರಬದಿಯಲ್ಲಿ ಗಾರೆ ಹೆಚ್ಚಾಗುವುದೂ ಹೀಗೆಯೇ, ಪೆರೋಟಿಡ್ ನಾಳ ತೆರೆಯುವುದು ಆ ಹಲ್ಲುಗಳ ಎದುರಿಗೆ.

ದವಡೆಯಡಿಯ ಗ್ರಂಥಿಯಲ್ಲೇ ಯಾಕೆ ಹೆಚ್ಚು?

ನೂರು ಕಲ್ಲುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಸಿಗುವುದು ದವಡೆಯಡಿಯ ಗ್ರಂಥಿ ಅಥವಾ ಅದರ ನಾಳದಲ್ಲಿ. ಉಳಿದವುಗಳಲ್ಲಿ ಹೆಚ್ಚಿನವು ಪೆರೋಟಿಡ್ ಗ್ರಂಥಿಯಲ್ಲಿ. ಬೇರೆ ಗ್ರಂಥಿಗಳಲ್ಲಿ ಅಪರೂಪ.

ಕಾರಣಗಳು ಸರಳ. ವಾರ್ಟನ್ ನಾಳ ಸುಮಾರು ಐದು ಸೆಂಟಿಮೀಟರ್ ಉದ್ದ. ಗ್ರಂಥಿ ಕೆಳಗೆ, ನಾಳದ ಬಾಯಿ ಮೇಲೆ. ಅಂದರೆ ರಸ ಏರುಮುಖವಾಗಿ ಹರಿಯಬೇಕು. ನಾಳ ದಾರಿಯಲ್ಲಿ ಒಂದು ಕಡೆ ಬಾಗುತ್ತದೆ, ಬಾಯಿಯಂತೂ ತುಂಬಾ ಕಿರಿದು. ಈ ಗ್ರಂಥಿಯ ರಸವೂ ಹೆಚ್ಚು ಲೋಳೆ, ಹೆಚ್ಚು ಕ್ಷಾರೀಯ, ಕ್ಯಾಲ್ಸಿಯಂ ಕೂಡ ಹೆಚ್ಚು. ಪೆರೋಟಿಡ್ ಗ್ರಂಥಿಯ ರಸ ನೀರಿನಂತೆ ತೆಳು, ಹಾಗಾಗಿ ಅಲ್ಲಿ ಕಲ್ಲು ಕಡಿಮೆ.

ಯಾರಿಗೆ ಬರುತ್ತದೆ?

ಯಾರಿಗೂ ಬರಬಹುದು. 30ರಿಂದ 60 ವರ್ಷದವರಲ್ಲಿ ಹೆಚ್ಚು, ಮಕ್ಕಳಲ್ಲಿ ಅಪರೂಪ. ಎಷ್ಟೋ ಸಲ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಆದರೂ ಕೆಲವು ಸಂದರ್ಭಗಳಲ್ಲಿ ಸಾಧ್ಯತೆ ಹೆಚ್ಚು:

• ನೀರು ಕಡಿಮೆ ಕುಡಿಯುವವರು. ಅಡಿಕೆ ಕೊಯ್ಲು, ರಬ್ಬರ್ ಟ್ಯಾಪಿಂಗ್, ಬಿಸಿಲಿನ ಕೂಲಿ ಕೆಲಸಗಳಲ್ಲಿ ಮೈಯಿಂದ ಬೆವರು ಹರಿಯುತ್ತದೆ, ಕುಡಿಯುವುದು ಮಾತ್ರ ಎರಡು ಲೋಟ ಚಹಾ.
• ಬಾಯಿ ಒಣಗಿಸುವ ಔಷಧಿ ತೆಗೆದುಕೊಳ್ಳುವವರು. ಅಲರ್ಜಿ ಮತ್ತು ಶೀತದ ಕೆಲವು ಮಾತ್ರೆ, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಖಿನ್ನತೆಯ ಕೆಲವು ಔಷಧಿಗಳು ಈ ಸಾಲಿನವು. ಇವನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.
• ಬೀಡಿ, ಸಿಗರೇಟು ಸೇದುವವರು.
• ಗೌಟ್ ಎಂಬ ಕೀಲುನೋವು ಇರುವವರು, ಬಾಯಿ ಮತ್ತು ಕಣ್ಣು ಒಣಗಿಸುವ ಶೋಗ್ರೆನ್ ಕಾಯಿಲೆ ಇರುವವರು.

ಗುರುತಿಸುವುದು ಹೇಗೆ?

ಊಟದ ತಟ್ಟೆ ಮುಂದಿಟ್ಟುಕೊಂಡು ಎರಡು ತುತ್ತು ಹಾಕುವಷ್ಟರಲ್ಲಿ ದವಡೆಯ ಒಂದು ಬದಿಯ ಕೆಳಗೆ ಬಿಗಿತ ಶುರುವಾಗುತ್ತದೆ. ನೋಡುನೋಡುತ್ತ ಲಿಂಬೆ ಗಾತ್ರದ ಊತ ಏಳುತ್ತದೆ. ಹುಳಿ ಸಾರು, ಪುನರ್ಪುಳಿ ಶರಬತ್ತು, ಉಪ್ಪಿನಕಾಯಿ ಇದ್ದರೆ ನೋವು ಇನ್ನೂ ಜೋರು. ಊಟ ಮುಗಿಸಿ ಒಂದೆರಡು ಗಂಟೆಯಲ್ಲಿ ಊತ ತಾನಾಗಿ ಇಳಿಯುತ್ತದೆ. ಮುಂದಿನ ಊಟಕ್ಕೆ ಮತ್ತೆ ಅದೇ ಕತೆ.

ಯಾಕೆ ಹೀಗೆ? ತಿನ್ನುವಾಗ ಗ್ರಂಥಿ ಹೆಚ್ಚು ರಸ ತಯಾರಿಸುತ್ತದೆ. ದಾರಿಯಲ್ಲಿ ಕಲ್ಲು ಕೂತಿದ್ದರೆ ರಸ ಹಿಂದಕ್ಕೆ ಒತ್ತುತ್ತದೆ, ಗ್ರಂಥಿ ಬಲೂನಿನಂತೆ ಉಬ್ಬುತ್ತದೆ. ಊಟ ಮುಗಿದ ಮೇಲೆ ರಸ ಕಡಿಮೆಯಾಗಿ, ಕಲ್ಲಿನ ಪಕ್ಕದ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಸೋರಿ ಹೋಗುತ್ತದೆ.

ಎಲ್ಲರಿಗೂ ನೋವು ಬರಲೇಬೇಕೆಂದಿಲ್ಲ. ಕೆಲವರಿಗೆ ಊತ ಮಾತ್ರ. ಕೆಲವರಿಗೆ ಅದೂ ಇಲ್ಲ, ಹಲ್ಲಿಗೆಂದು ಎಕ್ಸ್‌ರೇ ತೆಗೆಸಿದಾಗ ಕಲ್ಲು ಕಣ್ಣಿಗೆ ಬೀಳುತ್ತದೆ. ಕಲ್ಲು ನಾಳದ ಬಾಯಿಯ ಹತ್ತಿರ ಬಂದಿದ್ದರೆ ನಾಲಿಗೆಯಡಿ ಹಳದಿ ಚುಕ್ಕೆಯಂತೆ ಕಾಣುವುದೂ ಉಂಟು.

ಬೇರೆ ಊತಗಳಿಂದ ವ್ಯತ್ಯಾಸ ಏನು?

ಮಂಗನಬಾವು: ನಮ್ಮ ಕಡೆ ಕೆಪ್ಪಟರಾಯ ಎಂದೂ ಕರೆಯುತ್ತಾರೆ. ಇದು ವೈರಸ್ಸಿನಿಂದ ಬರುವ ಅಂಟುರೋಗ. ಮಕ್ಕಳಲ್ಲಿ ಹೆಚ್ಚು, ಜ್ವರ ಇರುತ್ತದೆ, ಊತ ಕಿವಿಯ ಮುಂದೆ, ಹೆಚ್ಚಾಗಿ ಎರಡೂ ಬದಿ. ಊಟದ ಜೊತೆ ಏರಿ ಇಳಿಯುವುದಿಲ್ಲ, ಹಲವು ದಿನ ಹಾಗೆಯೇ ನಿಂತಿರುತ್ತದೆ. ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಮತ್ತೆ ಮತ್ತೆ ಮಂಗನಬಾವು ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ಬೇರೆ ಏನೋ ಎಂದು ಸಂಶಯಪಡಬೇಕು.

ಹಲ್ಲಿನ ಕೀವು: ಹುಳುಕು ಹಲ್ಲು ಇರುತ್ತದೆ, ಕಚ್ಚಿದರೆ ಅಥವಾ ಹಲ್ಲಿಗೆ ತಟ್ಟಿದರೆ ನೋವು. ರಾತ್ರಿ ಮಲಗಿದಾಗಲೂ ಮಿಡಿಯುತ್ತದೆ. ಕಲ್ಲಿನ ನೋವನ್ನು ಹಲ್ಲುನೋವು ಎಂದು ತಿಳಿದು ಒಳ್ಳೆಯ ಹಲ್ಲು ಕೀಳಿಸಿಕೊಂಡರೆ ಹಲ್ಲೂ ಹೋಯಿತು, ನೋವೂ ಉಳಿಯಿತು.

ಹಾಲ್ರಸ ಗ್ರಂಥಿಯ ಗಂಟು: ಗಂಟಲು, ಹಲ್ಲಿನ ಸೋಂಕು ಅಥವಾ ಕ್ಷಯ ಇದ್ದಾಗ ದವಡೆಯಡಿ ಗಂಟು ಕಟ್ಟುತ್ತದೆ. ಇದಕ್ಕೂ ಊಟಕ್ಕೂ ಸಂಬಂಧ ಇಲ್ಲ.

ಗಡ್ಡೆ: ನೋವಿಲ್ಲದೆ, ಸದ್ದಿಲ್ಲದೆ, ತಿಂಗಳುಗಟ್ಟಲೆ ಬೆಳೆಯುವ ಗಂಟು. ಎಲ್ಲವೂ ಕ್ಯಾನ್ಸರ್ ಅಲ್ಲ. ಪೆರೋಟಿಡ್ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲದವು. ಆದರೆ ಪರೀಕ್ಷೆ ಮಾಡಿಸದೆ ಅದನ್ನು ಹೇಳಲು ಸಾಧ್ಯವಿಲ್ಲ.

ಎಲೆ ಅಡಿಕೆ, ಹೊಗೆಸೊಪ್ಪು ಜಗಿಯುವವರು ಇಲ್ಲಿ ವಿಶೇಷ ಗಮನ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದರು. ಅಡಿಕೆಯನ್ನೇ ನಂಬಿ ಬದುಕುವ ಊರಿನಲ್ಲಿ ಇದು ಕೇಳಲು ಹಿತವಾದ ಮಾತಲ್ಲ. ಆದರೂ ಜಗಿಯುವ ಅಭ್ಯಾಸ ಇರುವವರ ಬಾಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಬಿಗಿತ, ಅಥವಾ ಕುತ್ತಿಗೆಯಲ್ಲಿ ಮೂರು ವಾರ ಕಳೆದರೂ ಕರಗದ ಗಂಟು ಇದ್ದರೆ ಕಲ್ಲು ಇರಬಹುದು ಎಂದು ಕಾಯುತ್ತ ಕೂರಬಾರದು.

ಪತ್ತೆ ಮಾಡುವುದು ಹೇಗೆ?

ಮೊದಲ ಪರೀಕ್ಷೆಗೆ ಯಂತ್ರ ಬೇಡ. ವೈದ್ಯರು ಕೈಗವಸು ಹಾಕಿ ಒಂದು ಬೆರಳನ್ನು ನಾಲಿಗೆಯಡಿ ಇಡುತ್ತಾರೆ, ಇನ್ನೊಂದು ಕೈಯನ್ನು ಹೊರಗಿನಿಂದ ದವಡೆಯ ಕೆಳಗೆ ಇಡುತ್ತಾರೆ. ಎರಡರ ನಡುವೆ ನಾಳದ ದಾರಿಯನ್ನು ಹಿಂದಿನಿಂದ ಮುಂದಕ್ಕೆ ತಡವುತ್ತಾರೆ. ನಾಳದ ಮುಂಭಾಗದ ಕಲ್ಲು ಎಷ್ಟೋ ಸಲ ಹೀಗೆಯೇ ಕೈಗೆ ಸಿಗುತ್ತದೆ. ಗ್ರಂಥಿಯನ್ನು ಒತ್ತಿದಾಗ ನಾಳದ ಬಾಯಿಯಿಂದ ತಿಳಿಯಾದ ಜೊಲ್ಲು ಬರುತ್ತದೋ, ಕೀವು ಬರುತ್ತದೋ, ಏನೂ ಬರುವುದಿಲ್ಲವೋ ಎಂದು ನೋಡುತ್ತಾರೆ.

ಎಕ್ಸ್‌ರೇ: ಫಿಲ್ಮನ್ನು ಹಲ್ಲುಗಳ ನಡುವೆ ಕಚ್ಚಿಸಿ, ಕೆಳಗಿನಿಂದ ತೆಗೆಯುವ ಎಕ್ಸ್‌ರೇಯಲ್ಲಿ ಬಾಯಿಯ ತಳದ ಕಲ್ಲು ಚೆನ್ನಾಗಿ ಕಾಣುತ್ತದೆ. ದಂತ ಆಸ್ಪತ್ರೆಗಳಲ್ಲಿ ಇದು ಸಾಮಾನ್ಯ, ಖರ್ಚೂ ಕಡಿಮೆ. ಆದರೆ ಎಲ್ಲ ಕಲ್ಲೂ ಎಕ್ಸ್‌ರೇಯಲ್ಲಿ ಬರುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ಇರುವ ಕಲ್ಲು, ಅದರಲ್ಲೂ ಪೆರೋಟಿಡ್ ಗ್ರಂಥಿಯ ಕಲ್ಲು, ತಪ್ಪಿಸಿಕೊಳ್ಳಬಹುದು. ಎಕ್ಸ್‌ರೇ ಸರಿ ಇದೆ ಎಂದರೆ ಕಲ್ಲು ಇಲ್ಲ ಎಂದು ಅರ್ಥವಲ್ಲ.

ಅಲ್ಟ್ರಾಸೌಂಡ್: ಗರ್ಭಿಣಿಯರಿಗೆ ಮಾಡುವ ಅದೇ ಬಗೆಯ ಸ್ಕ್ಯಾನ್. ವಿಕಿರಣ ಇಲ್ಲ, ನೋವಿಲ್ಲ. ಎರಡು ಮಿಲಿಮೀಟರಿಗಿಂತ ದೊಡ್ಡ ಕಲ್ಲನ್ನು ಹೆಚ್ಚಾಗಿ ಹಿಡಿಯುತ್ತದೆ. ಕೀವು ತುಂಬಿದೆಯೇ, ಗಡ್ಡೆ ಇದೆಯೇ ಎಂದೂ ತಿಳಿಯುತ್ತದೆ. ಹಲವು ಕಡೆ ಇದನ್ನೇ ಮೊದಲ ಸ್ಕ್ಯಾನ್ ಆಗಿ ಮಾಡುತ್ತಾರೆ.

ಸಿ.ಟಿ. ಸ್ಕ್ಯಾನ್: ಸಂಶಯ ಉಳಿದರೆ, ಕಲ್ಲು ಆಳದಲ್ಲಿದ್ದರೆ, ಒಂದಕ್ಕಿಂತ ಹೆಚ್ಚು ಇರಬಹುದು ಎನಿಸಿದರೆ ಇದು ಬೇಕಾಗುತ್ತದೆ. ಸಣ್ಣ ಕಲ್ಲೂ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲರಿಗೂ ಬೇಕಿಲ್ಲ.

ಹಳೆಯ ಪದ್ಧತಿಯಲ್ಲಿ ನಾಳದೊಳಗೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಿದ್ದರು. ಈಗಲೂ ಕೆಲವೊಮ್ಮೆ ಮಾಡುತ್ತಾರೆ. ಸೋಂಕು ಜೋರಾಗಿರುವಾಗ ಮಾತ್ರ ಇದನ್ನು ಮಾಡುವುದಿಲ್ಲ.

ಕೇಳಿಬರುವ ಮಾತುಗಳು, ಅದರ ನಿಜ

ಮಾತು: ಎಲೆಗೆ ಹಚ್ಚುವ ಸುಣ್ಣವೇ ಕಲ್ಲಾಗುತ್ತದೆ.
ನಿಜ: ಕಲ್ಲಿನ ಕ್ಯಾಲ್ಸಿಯಂ ಬರುವುದು ಗ್ರಂಥಿಯೊಳಗೆ ತಯಾರಾಗುವ ಜೊಲ್ಲಿನಿಂದ, ಅಂದರೆ ನಮ್ಮ ರಕ್ತದಿಂದ. ನಾಳದ ಹರಿವು ಒಳಗಿನಿಂದ ಹೊರಕ್ಕೆ. ಬಾಯಲ್ಲಿಟ್ಟ ಸುಣ್ಣ ನಾಳದೊಳಗೆ ನಡೆದು ಹೋಗಿ ಕಲ್ಲಾಗುತ್ತದೆ ಎನ್ನಲು ಆಧಾರವಿಲ್ಲ. ಎಂದೂ ಎಲೆ ತಿನ್ನದವರಿಗೂ ಈ ಕಲ್ಲು ಆಗುತ್ತದೆ. ಹಾಗೆಂದು ಎಲೆ ಅಡಿಕೆಗೆ ಇದು ಸರ್ಟಿಫಿಕೇಟ್ ಅಲ್ಲ, ಅದರ ಅಪಾಯವನ್ನು ಮೇಲೆಯೇ ಹೇಳಿದ್ದೇವೆ.

ಮಾತು: ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ಬಿಟ್ಟರೆ ಕಲ್ಲು ಬರುವುದಿಲ್ಲ.
ನಿಜ: ಈ ಕಲ್ಲು ಇರುವ ಹೆಚ್ಚಿನವರ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ಸಮಸ್ಯೆ ಇರುವುದು ನಾಳದ ಹರಿವಿನಲ್ಲಿ. ಹಾಲು, ರಾಗಿ ಬಿಟ್ಟರೆ ಎಲುಬಿಗೆ ನಷ್ಟ, ಗ್ರಂಥಿಗೆ ಲಾಭವಿಲ್ಲ.

ಮಾತು: ಬಾಳೆದಿಂಡಿನ ರಸ, ಕಾಡುಬಸಳೆ, ಹುರುಳಿ ಕಷಾಯದಿಂದ ಕರಗುತ್ತದೆ.
ನಿಜ: ಇವು ಕಿಡ್ನಿ ಕಲ್ಲಿಗೆಂದು ಜನ ಬಳಸುವ ಮನೆಮದ್ದುಗಳು. ಕಿಡ್ನಿಯ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್, ಜೊಲ್ಲಿನ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಫಾಸ್ಫೇಟ್. ದಾರಿಯೂ ಬೇರೆ. ಕುಡಿದ ಕಷಾಯ ಹೊಟ್ಟೆಗೆ ಹೋಗುತ್ತದೆಯೇ ಹೊರತು ವಾರ್ಟನ್ ನಾಳದೊಳಗೆ ಹೋಗುವುದಿಲ್ಲ. ಜೊಲ್ಲಿನ ಕಲ್ಲನ್ನು ಕರಗಿಸುವ ಕಷಾಯವಾಗಲಿ ಮಾತ್ರೆಯಾಗಲಿ ಇದೆ ಎಂದು ಸಾಬೀತಾಗಿಲ್ಲ. ಬಾಳೆದಿಂಡಿನ ಪಲ್ಯ ತಿನ್ನಿ, ಒಳ್ಳೆಯದು. ಕಲ್ಲಿನ ಮದ್ದು ಎಂದು ನಂಬಿ ತಿಂಗಳು ಕಳೆಯಬೇಡಿ.

ಮಾತು: ಲಿಂಬೆರಸ ಕಲ್ಲನ್ನು ಕರಗಿಸುತ್ತದೆ.
ನಿಜ: ಅರ್ಧ ಸತ್ಯ. ಹುಳಿ ಜೊಲ್ಲು ಬರಿಸುತ್ತದೆ, ಆ ಹರಿವಿಗೆ ಸಣ್ಣ ಕಲ್ಲು ಹೊರಗೆ ಜಾರಬಹುದು. ವೈದ್ಯರೂ ಹುಳಿಮಿಠಾಯಿ ಚೀಪಲು ಹೇಳುತ್ತಾರೆ. ಆದರೆ ಅದು ತಳ್ಳುವುದು, ಕರಗಿಸುವುದಲ್ಲ. ದೊಡ್ಡ ಕಲ್ಲು ನಾಳವನ್ನು ಪೂರ್ತಿ ಮುಚ್ಚಿದ್ದರೆ ಹುಳಿಯಿಂದ ನೋವು ಹೆಚ್ಚುತ್ತದೆ, ಆಗ ನಿಲ್ಲಿಸಬೇಕು. ದಿನವಿಡೀ ಲಿಂಬೆ ಚೀಪಿದರೆ ಹಲ್ಲಿನ ಮೇಲ್ಪದರವೂ ಸವೆಯುತ್ತದೆ.

ಮಾತು: ಮಾತ್ರೆ ತಿಂದ ಮೇಲೆ ಊತ ಇಳಿದರೆ ಗುಣವಾದಂತೆ.
ನಿಜ: ಆಂಟಿಬಯಾಟಿಕ್ ಸೋಂಕನ್ನು ಇಳಿಸುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಪ್ರತಿ ಸಲ ಸೋಂಕಾದಾಗಲೂ ಗ್ರಂಥಿಗೆ ಸ್ವಲ್ಪ ಹಾನಿಯಾಗುತ್ತದೆ, ನಾಳ ಗಾಯವಾಗಿ ಕಿರಿದಾಗಬಹುದು. ಎರಡನೇ ಸಲ ಊತ ಬಂದರೆ ಅದೇ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುವ ಬದಲು ಸ್ಕ್ಯಾನ್ ಮಾಡಿಸಿ.

ಮಾತು: ಸೂಜಿಯಿಂದ ಚುಚ್ಚಿ, ಒತ್ತಿ ತೆಗೆಯಬಹುದು.
ನಿಜ: ಖಂಡಿತ ಬೇಡ. ನಾಲಿಗೆಯಡಿ ರಕ್ತನಾಳಗಳೂ ನಾಲಿಗೆಗೆ ಸ್ಪರ್ಶ ಕೊಡುವ ನರವೂ ಇವೆ. ಕಲ್ಲು ಹಿಂದಕ್ಕೆ ಜಾರಿ ಆಳ ಸೇರಬಹುದು, ಸೋಂಕು ಬಾಯಿಯ ತಳಕ್ಕೆ ಹರಡಬಹುದು.

ಚಿಕಿತ್ಸೆ ಏನು?

ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ, ಸೋಂಕು ಇದೆಯೇ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಮೆಟ್ಟಿಲು ಮೆಟ್ಟಿಲಾಗಿ ನೋಡೋಣ.

ಮೊದಲ ಮೆಟ್ಟಿಲು, ಸಣ್ಣ ಕಲ್ಲಿಗೆ ಮನೆ ಆರೈಕೆ. ನೀರು ಚೆನ್ನಾಗಿ ಕುಡಿಯಬೇಕು. ಊತದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡಬೇಕು. ದವಡೆಯಡಿ ಹಿಂದಿನಿಂದ ಮುಂದಕ್ಕೆ, ಗಲ್ಲದ ಕಡೆಗೆ ಮೆಲ್ಲನೆ ಉಜ್ಜಬೇಕು. ನಡುನಡುವೆ ಹುಳಿಮಿಠಾಯಿ ಚೀಪಬೇಕು. ಕೆಲವೇ ಮಿಲಿಮೀಟರಿನ ಕಲ್ಲು ಹೀಗೆ ತಾನಾಗಿ ಹೊರಬೀಳುವುದುಂಟು. ಬಿದ್ದ ಕಲ್ಲನ್ನು ಎಸೆಯಬೇಡಿ, ವೈದ್ಯರಿಗೆ ತೋರಿಸಿ, ಇನ್ನೂ ಉಳಿದಿದೆಯೇ ಎಂದು ನೋಡಬೇಕಾಗುತ್ತದೆ. ನೋವಿನ ಮಾತ್ರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರಿಗೆ ಹಲವು ನೋವುಮಾತ್ರೆಗಳು ಆಗುವುದಿಲ್ಲ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಅದು ಡೆಂಗಿ ಇರಬಹುದು, ಆಗ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಅಪಾಯ.

ಎರಡನೇ ಮೆಟ್ಟಿಲು, ಬಾಯಿಯೊಳಗಿನಿಂದಲೇ ತೆಗೆಯುವುದು. ಕಲ್ಲು ನಾಳದ ಮುಂಭಾಗದಲ್ಲಿ ಕೈಗೆ ಸಿಗುವಂತಿದ್ದರೆ ಇದು ಸರಳ ಶಸ್ತ್ರಚಿಕಿತ್ಸೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಕಲ್ಲು ಹಿಂದೆ ಜಾರದಂತೆ ಅದರ ಹಿಂಬದಿಗೆ ಒಂದು ಹೊಲಿಗೆ ಹಾಕಿ ಹಿಡಿದು, ನಾಳದ ಮೇಲೆ ಸಣ್ಣದಾಗಿ ಕೊಯ್ದು ಕಲ್ಲು ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗಬಹುದು. ಹೊರಗೆ ಗಾಯದ ಗುರುತು ಇರುವುದಿಲ್ಲ. ಗ್ರಂಥಿಯ ಬುಡದಲ್ಲಿರುವ ಕಲ್ಲನ್ನೂ ಅನುಭವಿ ಸರ್ಜನ್‌ಗಳು ಬಾಯಿಯೊಳಗಿನಿಂದ ತೆಗೆಯುತ್ತಾರೆ, ಅದಕ್ಕೆ ಪೂರ್ತಿ ಅರಿವಳಿಕೆ ಬೇಕಾಗಬಹುದು.

ಮೂರನೇ ಮೆಟ್ಟಿಲು, ನಾಳದೊಳಗೆ ಕ್ಯಾಮೆರಾ. ಇದಕ್ಕೆ ಸಯಲೆಂಡೋಸ್ಕೋಪಿ ಎಂದು ಹೆಸರು. 1990ರ ದಶಕದಲ್ಲಿ ಯುರೋಪಿನಲ್ಲಿ ಬೆಳೆದ ವಿಧಾನ. ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ ದುರ್ಬೀನನ್ನು ನಾಳದ ಸಹಜ ಬಾಯಿಯಿಂದಲೇ ಒಳಗೆ ಕಳಿಸುತ್ತಾರೆ. ತಂತಿಯ ಪುಟ್ಟ ಬುಟ್ಟಿಯಲ್ಲಿ ಕಲ್ಲನ್ನು ಹಿಡಿದು ಎಳೆಯುತ್ತಾರೆ. ದವಡೆಯಡಿಯ ಗ್ರಂಥಿಯಲ್ಲಿ ಸುಮಾರು 4 ಮಿಲಿಮೀಟರ್, ಪೆರೋಟಿಡ್‌ನಲ್ಲಿ ಸುಮಾರು 3 ಮಿಲಿಮೀಟರ್‌ವರೆಗಿನ, ಅಲುಗಾಡುವ ಕಲ್ಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅದಕ್ಕಿಂತ ದೊಡ್ಡದಿದ್ದರೆ ಲೇಸರ್‌ನಿಂದ ಒಡೆದು ತೆಗೆಯಬಹುದು, ಅಥವಾ ಕ್ಯಾಮೆರಾದಲ್ಲಿ ಜಾಗ ಗುರುತಿಸಿ ಸಣ್ಣ ಕೊಯ್ತದಿಂದ ತೆಗೆಯಬಹುದು. ಈ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ.

ಕಿಡ್ನಿ ಕಲ್ಲಿನಂತೆ ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯುವ ವಿಧಾನವನ್ನು ಜರ್ಮನಿಯ ವೈದ್ಯರು 1989ರಲ್ಲಿ ವರದಿ ಮಾಡಿದರು. ಇದಕ್ಕೆಂದೇ ಮಾಡಿದ ಯಂತ್ರ ಬೇಕು, ಅದು ಸಿಗುವ ಕೇಂದ್ರಗಳು ಕಡಿಮೆ.

ಕೊನೆಯ ಮೆಟ್ಟಿಲು, ಗ್ರಂಥಿಯನ್ನೇ ತೆಗೆಯುವುದು. ಕಲ್ಲು ಗ್ರಂಥಿಯ ಒಳಗೇ ಹೂತಿದ್ದರೆ, ಗ್ರಂಥಿ ಪದೇ ಪದೇ ಸೋಂಕಾಗಿ ಹಾಳಾಗಿದ್ದರೆ ಇದು ಬೇಕಾಗುತ್ತದೆ. ದವಡೆಯ ಎಲುಬಿನಿಂದ ಸುಮಾರು ಎರಡು ಬೆರಳು ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಕೊಯ್ಯುತ್ತಾರೆ. ಕೆಳತುಟಿಯ ಮೂಲೆಯನ್ನು ಆಡಿಸುವ ನರ ದವಡೆಯ ಅಂಚಿನಲ್ಲೇ ಹೋಗುವುದರಿಂದ ಅದನ್ನು ತಪ್ಪಿಸಲು ಅಷ್ಟು ಕೆಳಗೆ ಇಳಿಯುತ್ತಾರೆ. ಒಂದು ಗ್ರಂಥಿ ಹೋದರೆ ಬಾಯಿ ಒಣಗಿಹೋಗುತ್ತದೆ ಎಂಬ ಭಯ ಬೇಡ, ಉಳಿದ ಗ್ರಂಥಿಗಳು ಕೆಲಸ ಸರಿದೂಗಿಸುತ್ತವೆ. ಆದರೂ ಕಲ್ಲು ತೆಗೆದ ಮೇಲೆ ಗ್ರಂಥಿ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುವುದರಿಂದ, ಆದಷ್ಟು ಗ್ರಂಥಿ ಉಳಿಸುವುದೇ ಇಂದಿನ ಪದ್ಧತಿ. ಬೇಗ ತೋರಿಸಿದಷ್ಟೂ ಅದು ಸುಲಭ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು

• ಉಸಿರಾಡಲು ಕಷ್ಟ, ಜೊಲ್ಲು ನುಂಗಲೂ ಆಗದಿರುವುದು
• ಬಾಯಿಯ ತಳ ಉಬ್ಬಿ ನಾಲಿಗೆ ಮೇಲಕ್ಕೆ ಎದ್ದಿರುವುದು, ಮಾತು ತೊದಲುವುದು
• ಊತ ಎರಡೂ ಬದಿಗೆ ಅಥವಾ ಕುತ್ತಿಗೆಗೆ ಹರಡುವುದು
• ಚಳಿಜ್ವರ, ಬಾಯಿ ತೆರೆಯಲಾಗದಿರುವುದು

ಬಾಯಿಯ ತಳದಲ್ಲಿ ಹರಡುವ ಇಂಥ ಸೋಂಕಿಗೆ ಲುಡ್ವಿಗ್ಸ್ ಆಂಜೈನಾ ಎಂದು ಹೆಸರು. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದರು. ಹೆಚ್ಚಾಗಿ ಹಲ್ಲಿನ ಸೋಂಕಿನಿಂದ ಬರುತ್ತದೆ, ಕೆಲವೊಮ್ಮೆ ಕಲ್ಲಿನಿಂದ ಕೀವಾದ ಗ್ರಂಥಿಯಿಂದಲೂ ಬರಬಹುದು. ಉಸಿರುನಾಳ ಕಟ್ಟಿ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಮಧುಮೇಹ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಇಂಥ ಹೊತ್ತಿನಲ್ಲಿ ಬೆಳಗಾಗಲಿ ಎಂದು ಕಾಯಬಾರದು, 108ಕ್ಕೆ ಕರೆ ಮಾಡಿ.

ಕೆಲವು ಲಕ್ಷಣಗಳಿಗೆ ತುರ್ತು ಇಲ್ಲ, ಆದರೆ ವಾರದೊಳಗೆ ತೋರಿಸಲೇಬೇಕು: ಮೂರು ವಾರ ದಾಟಿದ ನೋವಿಲ್ಲದ ಗಂಟು, ನಾಲಿಗೆ ಮರಗಟ್ಟುವುದು. ಮುಖದ ಒಂದು ಬದಿ ಸೊಟ್ಟಗಾದರೆ ಮಾತ್ರ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸುಳ್ಯ ಕಡೆಯವರು ಎಲ್ಲಿ ತೋರಿಸಬೇಕು?

ಈ ಕಾಯಿಲೆಗೆ ಯಾರ ಹತ್ತಿರ ಹೋಗಬೇಕು ಎಂಬ ಗೊಂದಲ ಸಹಜ. ಬಾಯಿ ಮತ್ತು ದವಡೆಯ ಸರ್ಜನ್ ಅಂದರೆ ದಂತವೈದ್ಯರಲ್ಲಿ ಶಸ್ತ್ರಚಿಕಿತ್ಸೆ ಕಲಿತವರು, ಅಥವಾ ಇ.ಎನ್.ಟಿ. ವೈದ್ಯರು, ಇಬ್ಬರೂ ನೋಡುತ್ತಾರೆ. ಸುಳ್ಯದಲ್ಲಿ ಇಬ್ಬರನ್ನೂ ಹುಡುಕಿಕೊಂಡು ಮಂಗಳೂರಿಗೇ ಹೋಗಬೇಕೆಂದಿಲ್ಲ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಸಂಸ್ಥೆಗಳಲ್ಲಿ ಕೆ.ವಿ.ಜಿ. ದಂತ ಕಾಲೇಜು 1991ರಲ್ಲೂ ಕೆ.ವಿ.ಜಿ. ವೈದ್ಯಕೀಯ ಕಾಲೇಜು 2002ರಲ್ಲೂ ಶುರುವಾದವು. ಸರ್ಕಾರಿ ತಾಲೂಕು ಆಸ್ಪತ್ರೆಯಲ್ಲೂ ಮೊದಲ ತಪಾಸಣೆ ಮಾಡಿಸಿಕೊಳ್ಳಬಹುದು. ಗುತ್ತಿಗಾರು, ಬೆಳ್ಳಾರೆ, ಸಂಪಾಜೆಯಂಥ ಊರುಗಳಿಂದ ಬರುವವರು ಮೊದಲ ಪರೀಕ್ಷೆಯನ್ನು ಸುಳ್ಯದಲ್ಲೇ ಮುಗಿಸಿ, ಕ್ಯಾಮೆರಾ ವಿಧಾನ ಬೇಕೆಂದಾದರೆ ಮಾತ್ರ ದೊಡ್ಡ ಊರಿಗೆ ಚೀಟಿ ಬರೆಸಿಕೊಳ್ಳಬಹುದು.

ಹೋಗುವಾಗ ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿ ಒಯ್ಯಿರಿ. ಊಟದ ಹೊತ್ತಿನಲ್ಲಿ ಊದಿದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವೈದ್ಯರ ಮುಂದೆ ಕೂತಾಗ ಊತ ಇಳಿದಿರುವುದೇ ಹೆಚ್ಚು, ಆಗ ಈ ಫೋಟೋ ದೊಡ್ಡ ಸಾಕ್ಷಿ. ವೈದ್ಯರನ್ನು ಇಷ್ಟು ಕೇಳಿ: ಕಲ್ಲು ಎಷ್ಟು ಮಿಲಿಮೀಟರ್ ಇದೆ? ನಾಳದಲ್ಲೋ ಗ್ರಂಥಿಯೊಳಗೋ? ಒಂದೇ ಇದೆಯೇ? ಗ್ರಂಥಿ ಉಳಿಸಿ ತೆಗೆಯಬಹುದೇ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇದು ಬರುತ್ತದೆಯೇ?

ಮತ್ತೆ ಬಾರದಿರಲು

ಒಮ್ಮೆ ತೆಗೆದ ಮೇಲೆ ಹೆಚ್ಚಿನವರಿಗೆ ಮರುಕಳಿಸುವುದಿಲ್ಲ, ಕೆಲವರಿಗೆ ಮಾತ್ರ ಮತ್ತೆ ಬರುತ್ತದೆ. ಪೂರ್ತಿ ತಡೆಯುವ ಉಪಾಯ ಯಾರ ಹತ್ತಿರವೂ ಇಲ್ಲ. ಸಾಧ್ಯತೆ ಕಡಿಮೆ ಮಾಡಿಕೊಳ್ಳಬಹುದು: ತೋಟಕ್ಕೆ ಹೋಗುವಾಗ ನೀರಿನ ಬಾಟಲಿ ಜೊತೆಗಿರಲಿ, ಬೀಡಿ ಸಿಗರೇಟು ಬಿಡಿ, ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಬಾಯಿ ಒಣಗಿಸುವ ಮಾತ್ರೆ ತಿನ್ನುತ್ತಿದ್ದರೆ ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ನೀರು ಇಷ್ಟೇ ಕುಡಿಯಬೇಕು ಎಂದು ಹೇಳಿಸಿಕೊಂಡವರು ಆ ಮಿತಿಯನ್ನು ಮೀರಬಾರದು.

ಇಷ್ಟು ನೆನಪಿಡಿ: ಊಟದ ಜೊತೆ ಏರಿ ಇಳಿಯುವ ಊತ ಕಲ್ಲು ಇರಬಹುದು, ಬೇಗ ತೋರಿಸಿದರೆ ಗ್ರಂಥಿ ಉಳಿಯುತ್ತದೆ. ಏರದೆ ಇಳಿಯದೆ ನಿಂತ ಗಂಟು ಬೇರೇನೋ ಇರಬಹುದು, ಅದನ್ನು ಇನ್ನೂ ಬೇಗ ತೋರಿಸಿ. ಕಲ್ಲು ಕರಗಿಸುವ ಕಷಾಯದ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ಬರಹವನ್ನು ಕಳಿಸಿ.